‘ನೀರು ಬದಲಾಯ್ತು’ ಅಂತೀವಲ್ಲ, ಹೊಟ್ಟೆಯೊಳಗೆ ನಿಜವಾಗ್ಲೂ ಏನಾಗಿರತ್ತೆ?

ನಮ್ ಕಡೆ ಯಾರಾದ್ರೂ ಪ್ರವಾಸ ಹೋಗಿ ಹೊಟ್ಟೆ ಕೆಡಿಸ್ಕೊಂಡು ಬಂದ್ರೆ, ಗಂಟಲು ಕಟ್ಕೊಂಡ್ರೆ, ನೆಗಡಿ ಹಿಡ್ಕೊಂಡ್ರೆ, ಎಲ್ಲದಕ್ಕೂ ಸೇರಿಸಿ ಒಂದೇ ಮಾತು: ನೀರು ಬದಲಾಯ್ತಲ್ಲ, ಅದಕ್ಕೆ. ನಾನು ಡಾಕ್ಟರ್ ಅಲ್ಲ, ಲ್ಯಾಬ್‌ನಲ್ಲಿ ಕೆಲ್ಸ ಮಾಡೋನು, ಬೆಳಗಾದ್ರೆ ಜನ ಪ್ಲಾಸ್ಟಿಕ್ ಡಬ್ಬೀಲಿ ತಂದ್ಕೊಡೋದನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡೋದೇ ನನ್ ಹೊಟ್ಟೆಪಾಡು (ಏನು ಅಂತ ಬಿಡಿಸಿ ಹೇಳಲ್ಲ, ಯಾರಾದ್ರೂ ಊಟ ಮಾಡ್ತಾ ಓದ್ತಿರ್ಬೋದು). ರಜೆ ಮುಗಿದ ವಾರ ನಮ್ಮಲ್ಲಿ ರಶ್ಶೋ ರಶ್ಶು, ಬಂದೋರೆಲ್ಲ ಕಾರಣನೂ ತಾವೇ ಹೇಳ್ಬಿಡ್ತಾರೆ, ‘ಅದೇ ಸರ್, ಲಾಸ್ಟಲ್ಲಿ ತಿಂದ್ವಲ್ಲ ಆ ಹೋಟ್ಲು’ ಅಂತ. ಎಷ್ಟೋ ಸಲ ಆ ಹೋಟ್ಲು ಪಾಪ ಏನೂ ಮಾಡಿರಲ್ಲ.

ನಮ್ಮನೇದೇ ಒಂದು ಕಥೆ ಹೇಳ್ತೀನಿ. ದಸರಾ ರಜೇಲಿ ಹದಿನಾಲ್ಕು ಜನ ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾಡ್ಕೊಂಡು ಮೈಸೂರಿಂದ ಹೊರಟ್ವಿ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ, ಆಮೇಲೆ ಚಾರ್ಮಾಡಿ ಇಳಿದು ಧರ್ಮಸ್ಥಳ. ಶುಕ್ರವಾರ ಮಧ್ಯಾಹ್ನ, ಘಾಟಿ ಅರ್ಧ ಇಳಿದಿದ್ವಿ, ನನ್ ತಂಗಿ ಮಗ ನಾಲ್ಕು ವರ್ಷದೋನು ಸೀಟ್ ಮೇಲೇ ವಾಂತಿ ಮಾಡ್ಕೊಂಡ. ಘಾಟಿ ಅಲ್ವಾ, ತಿರುವಿಗೆ ಆಗತ್ತೆ ಅಂದ್ಕೊಂಡ್ವಿ ಎಲ್ಲರೂ. ನಮ್ ದೊಡ್ಡಮ್ಮ ಟಿಶ್ಯೂ ತಗೊಂಡು ಒರೆಸಿ, ಮಗೂ ಬಾಯಿ ಒರೆಸಿ, ಕೈಗೆ ಸ್ಯಾನಿಟೈಸರ್ ಹಾಕ್ಕೊಂಡು ‘ಆಯ್ತು ಬಿಡ್ರೋ’ ಅಂದ್ರು. ಶನಿವಾರ ಉಡುಪಿ, ಸಂಜೆ ಮಲ್ಪೆ ಬೀಚಲ್ಲಿ ಚುರುಮುರಿ, ರಾತ್ರಿ ಒಂಬತ್ತಕ್ಕೆ ಹೋಂಸ್ಟೇನಲ್ಲಿ ದೊಡ್ಡಮ್ಮ ದೊಡ್ಡ ಪಾತ್ರೇಲಿ ಮೊಸರನ್ನ ಕಲಸಿ ಮಕ್ಕಳನ್ನೆಲ್ಲ ಸುತ್ತ ಕೂರಿಸ್ಕೊಂಡು ಕೈತುತ್ತು ಹಾಕಿದ್ರು, ನಮ್ ಭಾವನೂ ನಾಚಿಕೆ ಬಿಟ್ಟು ಕೈ ಚಾಚಿದ್ರು. ಭಾನುವಾರ ಗೋಕರ್ಣ, ರಾತ್ರಿ ಒಂದು ಹೋಟ್ಲಲ್ಲಿ ಊಟ. ಸೋಮವಾರ ಬೆಳಗಿನ ಜಾವ ಮೂರು ಗಂಟೆಗೆ ಶುರುವಾಯ್ತು ನೋಡಿ, ಒಬ್ರಾದ್ಮೇಲೆ ಒಬ್ರು, ಆರು ಜನ, ಎರಡೇ ಬಾತ್‌ರೂಮು. ಅವತ್ತಿನ ವಿವರ ಬೇಡ.

ಬೆಳಗ್ಗೆ ಪಂಚಾಯ್ತಿ ಕೂತಿತು. ಅರ್ಧ ಜನ ರಾತ್ರಿ ತಿಂದ ಹೋಟ್ಲನ್ನ ಬೈದ್ರು, ಉಳಿದೋರು ಮಲ್ಪೆ ಚುರುಮುರಿಯವನನ್ನ ಬೈದ್ರು, ದೊಡ್ಡಮ್ಮ ಮಾತ್ರ ‘ಏನಿಲ್ಲ ಕಣೋ, ನೀರು ಬದಲಾಗಿದೆ ಅಷ್ಟೇ’ ಅಂತ ತೀರ್ಪು ಕೊಟ್ರು. ನಾನು ಸುಮ್ನೆ ಒಂದು ಬಿಲ್ ಹಿಂದೆ ಹೆಸರು ಬರೆದು, ಯಾರು ಏನು ತಿಂದ್ರು ಅಂತ ಟಿಕ್ ಹಾಕ್ತಾ ಹೋದೆ. ಚುರುಮುರಿ ತಿಂದಿದ್ದು ಒಂಬತ್ತು ಜನ, ಅದರಲ್ಲಿ ಕೆಟ್ಟಿದ್ದು ನಾಲ್ಕೇ ಜನಕ್ಕೆ. ಭಾವ ಚುರುಮುರಿ ಮುಟ್ಟೇ ಇರಲಿಲ್ಲ, ಆದ್ರೂ ಮಲಗಿದಾರೆ. ಹೋಟ್ಲಲ್ಲಿ ಎಲ್ಲರೂ ಉಂಡಿದ್ರು. ಮೊಸರನ್ನದ ಕೈತುತ್ತು ತಿಂದಿದ್ದು ಏಳು ಜನ: ಮಲಗಿರೋ ಆರೂ ಜನ, ಜೊತೆಗೆ ಶುಕ್ರವಾರವೇ ವಾಂತಿ ಮಾಡ್ಕೊಂಡು ಈಗ ಆರಾಮಾಗಿ ಓಡಾಡ್ತಿರೋ ಆ ನಾಲ್ಕು ವರ್ಷದೋನು.

ಇಲ್ಲಿ ಅರ್ಥ ಮಾಡ್ಕೋಬೇಕಾದ್ದು ಏನಂದ್ರೆ ಪ್ರತಿ ರೋಗಾಣುಗೂ ಅದರದ್ದೇ ಒಂದು ಗಡಿಯಾರ ಇರತ್ತೆ. ಬಾಯಿಗೆ ಹೋದ ಕ್ಷಣಕ್ಕೂ ಹೊಟ್ಟೆ ಹಿಡ್ಕೊಳೋ ಕ್ಷಣಕ್ಕೂ ನಡುವೆ ಇಷ್ಟು ಗಂಟೆ ಅಥವಾ ಇಷ್ಟು ದಿನ ಅಂತ. ಕೆಲವು ಬ್ಯಾಕ್ಟೀರಿಯಾ ನಮ್ ಹೊಟ್ಟೆಗೆ ಹೋಗೋಕ್ ಮುಂಚೆ ಆಹಾರದಲ್ಲೇ ವಿಷ ತಯಾರು ಮಾಡಿಟ್ಟಿರ್ತವೆ, ಅಡುಗೆಯವರ ಕೈಗಾಯದಿಂದಲೋ ಮೂಗಿಂದಲೋ ಬರೋ ಸ್ಟೆಫೈಲೋಕಾಕಸ್ ಥರದವು, ಅವು ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೇ ಕೆಲ್ಸ ತೋರಿಸ್ತವೆ, ಅಂದ್ರೆ ಊಟ ಮಾಡಿ ಬಸ್ ಹತ್ತೋಷ್ಟರಲ್ಲಿ ವಾಂತಿ ಬಂದ್ರೆ ಆಗ ಆ ಹೋಟ್ಲನ್ನ ಅನುಮಾನಿಸ್ಬೋದು. ನೋರೋ ವೈರಸ್‌ಗೆ 12ರಿಂದ 48 ಗಂಟೆ ಬೇಕು. ಪ್ರವಾಸಿಗರ ಭೇದಿಗೆ ಹೆಸರಾಗಿರೋ ಒಂದು ಜಾತಿ ಇ. ಕೋಲಿಗೆ ಒಂದರಿಂದ ಮೂರು ದಿನ. ಸಾಲ್ಮೊನೆಲ್ಲಾಗೆ ಆರು ಗಂಟೆಯಿಂದ ಆರು ದಿನ. ಟೈಫಾಯ್ಡ್ ಒಂದರಿಂದ ಮೂರು ವಾರ. ಕಾಮಾಲೆ ತರೋ ಹೆಪಟೈಟಿಸ್ ಎ ಅಂತೂ 15ರಿಂದ 50 ದಿನ, ಅಷ್ಟೊತ್ತಿಗೆ ಟ್ರಿಪ್ ಫೋಟೋನೂ ಮರೆತೋಗಿರತ್ತೆ.

ನಮ್ದು ಶನಿವಾರ ರಾತ್ರಿ ಒಂಬತ್ತರಿಂದ ಸೋಮವಾರ ಬೆಳಗಿನ ಜಾವ ಮೂರು, ಮೂವತ್ತು ಗಂಟೆ. ದಿಢೀರ್ ವಾಂತಿ, ಜೊತೆಗೆ ನೀರಿನಂಥ ಭೇದಿ, ಒಂದೂವರೆ ದಿನಕ್ಕೆ ತಾನಾಗೇ ಇಳಿದಿದ್ದು, ಎಲ್ಲ ನೋರೋ ಜಾತಿ ವೈರಸ್ಸಿಗೆ ಸರಿಯಾಗಿ ಕೂರತ್ತೆ. ಘಾಟಿ ವಾಂತಿ ಅಂದ್ಕೊಂಡಿದ್ದು ಘಾಟೀದಲ್ಲ, ಹುಡುಗ ಸ್ಕೂಲಿಂದಲೇ ಅದನ್ನ ಜೊತೆಗೆ ಕಟ್ಕೊಂಡು ಬಂದಿದ್ದ, ಅವನ ವಾಂತಿ ಒರೆಸಿದ ದೊಡ್ಡಮ್ಮನ ಕೈಯಿಂದ ಅದು ಮೊಸರನ್ನಕ್ಕೆ ಇಳೀತು. ಅಂದ್ರೆ ಮೈಸೂರು ನೀರೇ!

ನೋರೋ ವೈರಸ್ ಯಾಕೆ ಇಷ್ಟು ಸಲೀಸಾಗಿ ಹಬ್ಬತ್ತೆ ಅಂದ್ರೆ ಕಾಯಿಲೆ ಬರೋಕೆ ಅದರ ಹತ್ತರಿಂದ ನೂರು ಕಣ ಸಾಕು, ಆದ್ರೆ ಕಾಯಿಲೆಯೋರ ಒಂದೇ ಒಂದು ಗ್ರಾಂ ಮಲದಲ್ಲಿ ಅದು ಕೋಟಿಗಟ್ಲೆ ಇರತ್ತೆ, ವಾಂತೀಲೂ ಇರತ್ತೆ, ಬಾಗಿಲ ಚಿಲಕ, ಸೀಟು, ಟಿವಿ ರಿಮೋಟ್ ಮೇಲೆ ದಿನಗಟ್ಲೆ ಬದುಕತ್ತೆ. ವಾಸಿಯಾದ್ಮೇಲೂ ಎರಡು ವಾರದವರೆಗೆ ಮಲದಲ್ಲಿ ಹೊರಗೆ ಬರ್ತಿರತ್ತೆ. ಇನ್ನು ಸ್ಯಾನಿಟೈಸರ್ ವಿಷ್ಯ. ಕೊರೋನಾ ಕಾಲದಿಂದ ನಾವೆಲ್ಲ ಅದನ್ನ ತೀರ್ಥದ ಥರ ಪ್ರೋಕ್ಷಣೆ ಮಾಡ್ಕೊಳೋದು ಕಲಿತ್ವಿ, ಕೊರೋನಾಗೆ ಅದು ಸರೀನೇ ಇತ್ತು, ಯಾಕಂದ್ರೆ ಆ ವೈರಸ್ ಮೇಲೆ ಕೊಬ್ಬಿನ ಒಂದು ಪೊರೆ ಇದೆ, ಆಲ್ಕೋಹಾಲ್ ಆ ಪೊರೇನ ಹರಿದ್ಹಾಕತ್ತೆ. ನೋರೋಗೆ ಪೊರೇನೇ ಇಲ್ಲ, ಗಟ್ಟಿ ಚಿಪ್ಪು, ಸ್ಯಾನಿಟೈಸರ್‌ಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ. ಸೋಪೂ ಅದನ್ನ ಸಾಯಿಸಲ್ಲ, ಆದ್ರೆ ಸೋಪು ಜಿಡ್ಡನ್ನ ಎಬ್ಬಿಸತ್ತೆ, ಉಜ್ಜೋದ್ರಿಂದ ಕಣಗಳು ಚರ್ಮ ಬಿಟ್ಟು ಮೇಲೇಳ್ತವೆ, ಹರಿಯೋ ನೀರು ಅದನ್ನ ತಳ್ಕೊಂಡ್ಹೋಗತ್ತೆ. ಎಣ್ಣೆ ಬಾಣಲೆ ತೊಳೆಯೋ ಲೆಕ್ಕವೇ. ಅದಕ್ಕೇ 20 ಸೆಕೆಂಡ್ ಉಜ್ಜಿ ಅನ್ನೋದು, ಉಗುರ ಸಂದಿ, ಹೆಬ್ಬೆರಳು ಸೇರಿಸಿ.

ಮುಂದಿನ ಸಲ ಯಾವ್ದಾದ್ರೂ ಹೋಟ್ಲಿಗೆ ಹೋದಾಗ ಕೈ ತೊಳೆಯೋ ಜಾಗದ ಹತ್ರ ಸುಮ್ನೆ ಎರಡು ನಿಮಿಷ ನಿಂತು ನೋಡಿ. ಊಟಕ್ಕೆ ಮುಂಚೆ ಬರೋರು ನಲ್ಲಿ ಕೆಳಗೆ ಬರೀ ಬೆರಳ ತುದಿ ಒದ್ದೆ ಮಾಡ್ಕೊಂಡು ಹೋಗ್ತಾರೆ, ಊಟ ಆದ್ಮೇಲೆ ಬರೋರು ಸೋಪ್ ಒತ್ತಿ ಒತ್ತಿ ಮೂಸಿ ನೋಡ್ಕೊಂಡು ತೊಳೀತಾರೆ, ಸಾಂಬಾರ್ ವಾಸನೆ ಹೋಗ್ಲಿ ಅಂತ. ಉಲ್ಟಾ ಆಗ್ಬೇಕಿತ್ತು. ಇನ್ನೂ ಒಂದಿದೆ, ಚೆನ್ನಾಗಿ ತೊಳೆದು ಬಂದೋರೂ ಟೇಬಲ್ ಮೇಲೆ ಕೂತ ತಕ್ಷಣ ಫೋನ್ ತಗೀತಾರೆ, ಅದೇ ಫೋನು ಬಸ್ ಸ್ಟ್ಯಾಂಡ್ ಟಾಯ್ಲೆಟ್‌ಗೂ ಜೊತೇಲಿ ಹೋಗಿ ಬಂದಿರತ್ತೆ, ಆಮೇಲೆ ಅದೇ ಬಲಗೈ ಇಡ್ಲಿ ಮುರಿಯತ್ತೆ. ನಾನೀಗ ಊಟಕ್ಕೆ ಕೂತ್ರೆ ಫೋನನ್ನ ಎಡಗೈಗೆ ಅಂತ ಫಿಕ್ಸ್ ಮಾಡ್ಕೊಂಡಿದೀನಿ, ಮಕ್ಕಳ ಕೈಗೆ ತಟ್ಟೆ ಬರೋ ಹೊತ್ತಿಗೆ ಕೊಡೋದೇ ಇಲ್ಲ. ಹಾಗಂತ ಸ್ಯಾನಿಟೈಸರ್ ಬಿಸಾಕ್ಬೇಡಿ, ನೀರೇ ಇಲ್ಲದ ಕಡೆ 60 ಪರ್ಸೆಂಟ್ ಮೇಲೆ ಆಲ್ಕೋಹಾಲ್ ಇರೋದು ಇದ್ರೆ ಏನೂ ಇಲ್ಲದ್ದಕ್ಕಿಂತ ವಾಸಿ. ಆದ್ರೆ ಹೊಟ್ಟೆ ಕೆಟ್ಟೋರು, ಕಳೆದ ಎರಡು ಮೂರು ದಿನದಲ್ಲಿ ಕೆಟ್ಟು ವಾಸಿಯಾದೋರು, ಅವ್ರನ್ನ ನೋಡ್ಕೊಂಡೋರು ಅನ್ನ ಕಲಸೋಕೆ, ಬಡಿಸೋಕೆ ಹೋಗ್ಬಾರ್ದು. ನೋಡ್ಕೊಂಡೋರಿಗೆ ವಿನಾಯ್ತಿ ಬೇಕಂದ್ರೆ ಮೊದ್ಲು ಸೋಪು. ವಾಂತಿ ಆದ ಜಾಗಕ್ಕೆ ಫಿನಾಯಿಲ್ ಸಾಲಲ್ಲ, ಹೋಂಸ್ಟೇಯವರ ಹತ್ರ ಬ್ಲೀಚಿಂಗ್ ಪೌಡರ್ ಕೇಳಿ, ಮೊದ್ಲು ಒರೆಸಿ ತೆಗೆದು, ಆಮೇಲೆ ಬ್ಲೀಚ್ ನೀರು ಹಾಕಿ ಐದ್ಹತ್ತು ನಿಮಿಷ ಬಿಟ್ಟು ತೊಳೀರಿ.

ಹಾಗಾದ್ರೆ ನೀರು ಬದಲಾಯ್ತು ಅನ್ನೋದು ಪೂರ್ತಿ ಸುಳ್ಳಾ? ಅಲ್ಲ, ಹಿರಿಯರ ಮಾತಲ್ಲಿ ಅರ್ಧ ನಿಜ ಇದೆ. ಕೆಲವು ಕಡೆ ಬೋರ್‌ವೆಲ್ ನೀರಲ್ಲಿ ಮೆಗ್ನೀಸಿಯಂ, ಸಲ್ಫೇಟ್ ಜಾಸ್ತಿ ಇರತ್ತೆ, ಅಭ್ಯಾಸ ಇಲ್ಲದೋರಿಗೆ ಒಂದೆರಡು ದಿನ ಸ್ವಲ್ಪ ಸಡಿಲ ಆಗತ್ತೆ, ಅದಕ್ಕೂ ರೋಗಾಣುಗೂ ಸಂಬಂಧ ಇಲ್ಲ. ಇನ್ನೊಂದು, ಒಂದೂರಲ್ಲಿ ಹುಟ್ಟಿ ಬೆಳೆದೋರು ಅಲ್ಲಿನ ಇ. ಕೋಲಿ ಜಾತಿಗಳನ್ನ ಚಿಕ್ಕಂದಿನಿಂದ ಎದುರಿಸಿ ಎದುರಿಸಿ ಒಂದಷ್ಟು ನಿರೋಧಕ ಶಕ್ತಿ ಬೆಳೆಸ್ಕೊಂಡಿರ್ತಾರೆ, ಅದೇ ಲೋಟದ ನೀರು ಹೊರಗಿಂದ ಬಂದೋರನ್ನ ಮಲಗಿಸತ್ತೆ. ಅಮೆರಿಕಾದಿಂದ ಬರೋ ಮೊಮ್ಮಕ್ಕಳಿಗೆ ಅಜ್ಜಿ ಮನೇಲಿ ಮೂರನೇ ದಿನಕ್ಕೆ ಹೊಟ್ಟೆ ಕೆಡೋದಕ್ಕೆ ಎಷ್ಟೋ ಸಲ ಇದೇ ಕಾರಣ, ಅಜ್ಜಿಗೆ ಬೇಜಾರಾಗೋದು ಬೇಡ.

ನೀರು ಒಂದು ನಿಮಿಷ ಕೊತ ಕೊತ ಕುದ್ರೆ ಸಾಕು, ಹೊಟ್ಟೆ ಕೆಡಿಸೋ ವೈರಸ್, ಬ್ಯಾಕ್ಟೀರಿಯಾ ಎಲ್ಲ ಹೋಗತ್ತೆ. ಮೋಸ ಆಗೋದು ಎಲ್ಲಂದ್ರೆ ‘ಬಿಸಿನೀರು ಕೊಡಿ’ ಅಂತ ಕೇಳಿದಾಗ. ಕುದ್ದ ನೀರು ಬಾಯಿಗಿಡೋಕಾಗಲ್ಲ ಅಂತ ಮಾಣಿ ನಲ್ಲಿಯಿಂದ ಅರ್ಧ ಜಗ್ ತಣ್ಣೀರು ಹಿಡಿದು ಬೆರೆಸಿ ಉಗುರು ಬೆಚ್ಚಗೆ ಮಾಡಿ ತಂದಿಡ್ತಾನೆ, ನಾವು ಖುಷಿಯಾಗಿ ಕುಡೀತೀವಿ. ಅದು ಬೆಚ್ಚಗಿನ ನಲ್ಲಿ ನೀರು ಅಷ್ಟೇ. ಸುಡೋ ನೀರು ತಗೊಂಡು ನಿಮ್ಮದೇ ಸ್ಟೀಲ್ ಬಾಟ್ಲಿಗೆ ಹುಯ್ಕೊಂಡು ಆರೋಕೆ ಬಿಡಿ. ಐಸ್ ಕೂಡ ಅಷ್ಟೇ, ತಣ್ಣಗಾದ್ರೆ ರೋಗಾಣು ಸಾಯಲ್ಲ, ನಿದ್ದೆ ಮಾಡ್ತವೆ, ಕಬ್ಬಿನ ಹಾಲಿಗೆ ಬಿದ್ದ ತಕ್ಷಣ ಎದ್ದೇಳ್ತವೆ.

ಊಟದಲ್ಲಿ ನಾನು ನೋಡೋದು ಒಂದೇ, ಕಣ್ಮುಂದೆ ಹಬೆ ಆಡ್ತಿದೆಯಾ ಇಲ್ವಾ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗೆ ಹಬ್ಬ, ಎರಡು ಗಂಟೆಗಿಂತ ಜಾಸ್ತಿ ಅಲ್ಲಿ ಇರೋ ಆಹಾರ ನಂಬೋ ಹಾಗಿಲ್ಲ. ಇಡ್ಲಿ ಹಬೇಲಿ ಬೆಂದು ಬರತ್ತೆ, ಅದರ ಮೇಲೆ ನನಗೆ ಅನುಮಾನ ಇಲ್ಲ. ಚಟ್ನಿ ಮೇಲೆ ಇದೆ. ಹಸಿ ಕಾಯಿ, ಕುದಿಸದ ನೀರು, ಬೆಳಗ್ಗೆ ಆರಕ್ಕೆ ರುಬ್ಬಿ ಬಕೆಟ್‌ಗೆ ಹಾಕಿಟ್ರೆ ಹತ್ತೂವರೆಗೂ ಅದೇ ಬಕೆಟ್ಟು, ಅದೇ ಸೌಟು. ತಡವಾಗಿ ತಿಂಡಿಗೆ ಹೋದ್ರೆ ನಾನು ಸಾಂಬಾರ್ ಕಡೆ ವಾಲ್ತೀನಿ. ದೇವಸ್ಥಾನದ ಊಟದ ಬಗ್ಗೆ ಜನ ಮೂಗು ಮುರಿಯೋದು ಕೇಳಿದೀನಿ, ಆದ್ರೆ ಧರ್ಮಸ್ಥಳದಂಥ ಕಡೆ ಪಂಕ್ತಿ ಮೇಲೆ ಪಂಕ್ತಿ ಏಳ್ತಿರತ್ತೆ, ಅನ್ನ ಸಾರು ಕೊಪ್ಪರಿಗೆಯಿಂದ ಬಿಸಿಬಿಸಿಯಾಗಿ ಬರತ್ತೆ, ಕೂತು ತಣ್ಣಗಾಗೋಕೆ ಟೈಮೇ ಸಿಗಲ್ಲ. ಖಾಲಿ ಹೊಡೀತಿರೋ ಎಸಿ ರೆಸ್ಟೋರೆಂಟ್‌ನ ಬಫೆಗಿಂತ ನಾನು ಅದನ್ನೇ ನಂಬ್ತೀನಿ.

ಬುತ್ತಿ ಕಟ್ಕೊಂಡ್ ಹೋಗೋದು ಒಳ್ಳೇದೇ, ಆದ್ರೆ ಅನ್ನದಲ್ಲಿ ಒಂದು ಗುಟ್ಟಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾದ ಬೀಜಗಳು ಇರ್ತವೆ, ಅನ್ನ ಬೆಂದ್ರೂ ಸಾಯಲ್ಲ, ಬಿಸಿ ಅನ್ನಾನ ಹಾಗೇ ಟೈಟಾಗಿ ಡಬ್ಬಿಗೆ ತುಂಬಿದ್ರೆ ಗಂಟೆಗಟ್ಲೆ ಬೆಚ್ಚಗಿರತ್ತಲ್ಲ, ಆಗ ಮೊಳೆತು ವಿಷ ಬಿಡ್ತವೆ, ಆ ವಿಷ ಎಷ್ಟು ಬಿಸಿ ಮಾಡಿದ್ರೂ ಹೋಗಲ್ಲ, ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ನಮ್ಮಜ್ಜಿ ಪುಳಿಯೋಗರೆಗೆ ಅನ್ನಾನ ಅಗಲ ತಟ್ಟೇಲಿ ಹರಡಿ, ಎಣ್ಣೆ ಹಾಕಿ, ಪೂರ್ತಿ ಆರಿದ್ಮೇಲೇ ಗೊಜ್ಜು ಕಲಸ್ತಿದ್ರು. ಅವರು ಅನ್ನ ಉದುರುದುರಾಗಿರ್ಲಿ ಅಂತ ಮಾಡ್ತಿದ್ರು, ಬೇಗ ಆರೋದ್ರಿಂದ ಈ ಬೀಜಗಳಿಗೂ ಟೈಮ್ ಸಿಗ್ತಿರಲಿಲ್ಲ. ಹುಣಸೆ ಹುಳಿ, ಉಪ್ಪು, ಎಣ್ಣೆ ಇರೋದ್ರಿಂದ ಪುಳಿಯೋಗರೆ ಪ್ರಯಾಣಕ್ಕೆ ತಡೀತದೆ. ಬಿಸಿಬೇಳೆಬಾತ್ ತಡಿಯಲ್ಲ. ಚಪಾತಿ ಚಟ್ನಿಪುಡಿ, ಕೋಡುಬಳೆಗೆ ಯಾವ ತಕರಾರೂ ಇಲ್ಲ.

ರೆಸಾರ್ಟ್ ಪೂಲ್ ಬಗ್ಗೆ ಒಂದೇ ಮಾತು. ಕಣ್ಣು ಉರಿಯೋ ಹಾಗೆ ಕ್ಲೋರಿನ್ ವಾಸನೆ ಹೊಡೀತಿದ್ರೆ ಪೂಲ್ ಕ್ಲೀನ್ ಆಗಿದೆ ಅಂತಲ್ಲ, ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗೋ ಕ್ಲೋರಮೈನ್ ವಾಸನೆ ಅದು. ಬಹುಪಾಲು ರೋಗಾಣು ಸರಿಯಾದ ಕ್ಲೋರಿನ್‌ಗೆ ನಿಮಿಷಗಳಲ್ಲಿ ಸಾಯ್ತವೆ, ಆದ್ರೆ ಕ್ರಿಪ್ಟೋಸ್ಪೊರಿಡಿಯಂ ಅನ್ನೋದು ವಾರದ ಮೇಲೂ ಬದುಕಿರತ್ತೆ. ಭೇದಿ ಆಗ್ತಿರೋ ಮಗೂನ ಪೂಲಿಗೆ ಇಳಿಸ್ಬೇಡಿ, ಯಾರೂ ನೀರು ನುಂಗ್ಬೇಡಿ.

ನೆಗಡಿ ಕೆಮ್ಮಿಗೆ ಬೈಸ್ಕೊಳೋದು ಎಸಿ. ಎಸಿ ವೈರಸ್ ಹುಟ್ಟಿಸಲ್ಲ, ಪಕ್ಕದ ಸೀಟಿನ ಮಾವ ಕೆಮ್ಮಿದ್ದನ್ನ ಅದೇ ಗಾಳೀಲಿ ಸುತ್ತಿಸತ್ತೆ. ವಿಮಾನಗಳಲ್ಲಿ ಗಾಳಿ ಸೋಸೋಕೆ ಹೆಪಾ ಫಿಲ್ಟರ್ ಇರತ್ತೆ, ನಮ್ ಟಿಟಿಯಲ್ಲಿ ಎಲ್ಲಿಂದ ಬರ್ಬೇಕು. ಕಾರಲ್ಲಿ ಎಸಿ ಬಟನ್ ಹತ್ರ ಕಾರೊಳಗೆ ಬಾಣ ಸುತ್ತೋ ಚಿತ್ರ ಇರತ್ತಲ್ಲ, ಅದನ್ನ ಆಫ್ ಮಾಡಿ ಹೊರಗಿನ ಗಾಳಿ ಬರೋ ಹಾಗೆ ಇಡಿ, ಟಿಟಿಯಾದ್ರೆ ಡ್ರೈವರ್ ಗೊಣಗಿದ್ರೂ ಪರ್ವಾಗಿಲ್ಲ, ಅರ್ಧ ಗಂಟೆಗೊಮ್ಮೆ ಕಿಟಕಿ ತೆಗೆಸಿ.

ಇಷ್ಟೆಲ್ಲ ಮಾಡಿದ್ರೂ ಕೆಡೋ ದಿನ ಕೆಡತ್ತೆ. ಆಗ ಬ್ಯಾಗಲ್ಲಿ ಇರ್ಬೇಕಾದ್ದು ಓಆರ್‌ಎಸ್, ಅಂದ್ರೆ ನೀರಿಗೆ ಕಲಸಿ ಕುಡಿಯೋ ಉಪ್ಪು ಗ್ಲೂಕೋಸ್ ಪುಡಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿಗೆ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹರಡಿದಾಗ ಡ್ರಿಪ್ ಬಾಟ್ಲಿಗಳು ಖಾಲಿಯಾದ್ವು, ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು ಸಕ್ಕರೆ ನೀರನ್ನ ಡ್ರಮ್ಮಲ್ಲಿ ಕಲಸಿ ರೋಗಿಗಳ ಮನೆಯವರ ಕೈಲೇ ಕುಡಿಸಿದ್ರು, 30 ಪರ್ಸೆಂಟ್ ಹತ್ರ ಇದ್ದ ಸಾವು 3.6ಕ್ಕೆ ಇಳೀತು. 2023ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು, ಅಷ್ಟರಲ್ಲಿ ಅವರು ತೀರ್ಕೊಂಡಿದ್ರು. ಓಆರ್‌ಎಸ್ ಕೆಲ್ಸ ಮಾಡೋದು ಹೀಗೆ: ಕರುಳಿನ ಗೋಡೇಲಿ ಒಂದು ಬಾಗಿಲಿದೆ, ಅದು ಒಂಟಿಯಾಗಿ ಬಂದ ಉಪ್ಪನ್ನ ಒಳಗೆ ಬಿಡಲ್ಲ, ಗ್ಲೂಕೋಸ್ ಕೈ ಹಿಡ್ಕೊಂಡು ಬಂದ್ರೆ ಮಾತ್ರ ಬಿಡತ್ತೆ, ಇಬ್ರೂ ಒಳಗೆ ಹೋದ್ರೆ ಹಿಂದೇನೇ ನೀರೂ ಹೋಗತ್ತೆ. ಭೇದಿ ಎಷ್ಟೇ ಜೋರಿದ್ರೂ ಆ ಬಾಗಿಲು ಸಾಮಾನ್ಯವಾಗಿ ಹಾಳಾಗಿರಲ್ಲ. ಆದ್ರೆ ಸಕ್ಕರೆ ಜಾಸ್ತಿಯಾದ್ರೆ ಉಲ್ಟಾ, ಮೈಯೊಳಗಿನ ನೀರನ್ನೇ ಕರುಳಿಗೆ ಎಳ್ಕೊಳತ್ತೆ, ಭೇದಿ ಹೆಚ್ಚಾಗತ್ತೆ. ಅದಕ್ಕೇ ಕೂಲ್‌ಡ್ರಿಂಕ್ಸ್, ಪ್ಯಾಕೆಟ್ ಜ್ಯೂಸ್ ಬೇಡ. ಹೆಸರಲ್ಲಿ ಓಆರ್‌ಎಸ್ ಅಂತ ಹಾಕ್ಕೊಂಡು ಬಣ್ಣದ ಡಬ್ಬೀಲಿ ಸಿಹಿ ಪಾನೀಯ ಮಾರ್ತಿದ್ರಲ್ಲ, ಅದಕ್ಕೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಹಾಗೆ ಹೆಸರು ಹಾಕ್ಬಾರ್ದು ಅಂತ ಆದೇಶ ಮಾಡ್ತು. ಅಸಲಿ ಪುಡಿ ಪ್ಯಾಕೆಟ್ ಮೇಲೆ ಡಬ್ಲ್ಯೂಎಚ್‌ಓ ಸೂತ್ರ ಅಂತ ಇರತ್ತೆ, ಆ ಸೂತ್ರದಲ್ಲಿ ಒಂದು ಲೀಟರಿಗೆ ಒಟ್ಟು 20.5 ಗ್ರಾಂ, ಅದರಲ್ಲಿ ಗ್ಲೂಕೋಸ್ 13.5.

ಪ್ಯಾಕೆಟ್ ಎರಡು ಸೈಜಲ್ಲಿ ಬರತ್ತೆ, ಒಂದು ಲೀಟರ್‌ದು ಮತ್ತು 200 ಮಿಲಿದು, ಇದನ್ನ ಓದದೆ ಒಂದು ಲೀಟರ್‌ದನ್ನ ಒಂದು ಲೋಟಕ್ಕೆ ಸುರಿದು ಮಗೂಗೆ ಕುಡಿಸಿದ್ರೆ ಉಪ್ಪು ಜಾಸ್ತಿಯಾಗಿ ಅಪಾಯ. ಅಂಗಡೀಲಿ ಸಿಗೋ ಲೀಟರ್ ಬಾಟ್ಲಿಗೆ ಲೀಟರ್ ಪ್ಯಾಕೆಟ್ ಇಡೀ ಹಾಕಿ ಅಲ್ಲಾಡ್ಸಿ, 24 ಗಂಟೆ ಆದ್ಮೇಲೆ ಚೆಲ್ಲಿ. ವಾಂತಿ ಮಾಡ್ಕೊಂಡ ಮಗೂಗೆ ಹತ್ತು ನಿಮಿಷ ಬಿಟ್ಟು, ಆಮೇಲೆ ಎರಡು ನಿಮಿಷಕ್ಕೊಂದು ಚಮಚ. ಗಟಗಟ ಕುಡಿಸಿದ್ರೆ ಗಟಗಟ ಹೊರಗೆ ಬರತ್ತೆ. ಪ್ಯಾಕೆಟ್ ಸಿಗ್ದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡಕ್ಕೂ ಚಮಚದ ಅಂಚಿಗೆ ಸಮ ಮಾಡಿ ಅಳೀರಿ, ಗುಡ್ಡೆ ಬೇಡ. ಕರಾವಳಿ ಕಡೆ ಇದ್ರೆ ಉಪ್ಪು ಹಾಕಿದ ಗಂಜಿ ಕೇಳಿ, ಅದರ ಗಂಜಿಪಿಷ್ಟವೇ ಒಳಗೆ ಗ್ಲೂಕೋಸ್ ಆಗತ್ತೆ. ಮೆಡಿಕಲ್ ಶಾಪಲ್ಲಿ ‘ಲೂಸ್ ಮೋಷನ್‌ಗೆ ಕೊಡಿ’ ಅಂದ್ರೆ ಆಂಟಿಬಯಾಟಿಕ್ ಕೊಟ್ಬಿಡ್ತಾರೆ, ವೈರಸ್ಸಿಗೆ ಅದರಿಂದ ಏನೂ ಆಗಲ್ಲ. ಭೇದಿ ನಿಲ್ಲಿಸೋ ಮಾತ್ರೆ ಚಿಕ್ಕ ಮಕ್ಕಳಿಗಂತೂ ಕೊಡ್ಲೇಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ಆರೇಳು ಗಂಟೆಯಿಂದ ಮೂತ್ರ ಇಲ್ಲ, ಕಣ್ಣು ಗುಳಿ ಬಿದ್ದಿದೆ, ಮಗು ಮಂಕಾಗಿದೆ, ಚಮಚದ ನೀರೂ ನಿಲ್ತಿಲ್ಲ, ಇದರಲ್ಲಿ ಯಾವ್ದಿದ್ರೂ ಮುಂದಿನ ಜಾಗ ನೋಡೋ ಪ್ಲಾನ್ ಬಿಟ್ಟು ಆಸ್ಪತ್ರೆ. ವಯಸ್ಸಾದೋರಿಗೂ ಇದೇ, ಅವರು ‘ಪರ್ವಾಗಿಲ್ಲ’ ಅಂದ್ರೂ.

ಹೊಟ್ಟೆಗೆ ಸಂಬಂಧ ಇಲ್ಲದ್ದು ಎರಡು ಮಾತು. ಡೆಂಗ್ಯೂ ಸೊಳ್ಳೆ ಹಗಲಲ್ಲೇ ಕಚ್ಚತ್ತೆ, ರಾತ್ರಿಗೆ ಮಾತ್ರ ಕಾಯಿಲ್ ಹಚ್ಚಿದ್ರೆ ಸಾಲಲ್ಲ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡು, ಜಲಪಾತ ಅಂತ ಹೋಗೋರಿಗೆ ಮಂಗನ ಕಾಯಿಲೆ ನೆನಪಿರ್ಲಿ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು, ಉಣುಗು ಕಚ್ಚಿ ಬರತ್ತೆ, ಹಸು ಮೈಗೆ ಕಚ್ಕೊಂಡಿರತ್ತಲ್ಲ ಆ ಉಣ್ಣೆ, ಮರಿ ಉಣುಗು ಎಳ್ಳಿಗಿಂತ ಚಿಕ್ಕದಿರತ್ತೆ. ತುಂಬು ತೋಳು, ಪ್ಯಾಂಟನ್ನ ಸಾಕ್ಸ್ ಒಳಗೆ ಸಿಗಿಸಿ, ತರಗೆಲೆ ಮೇಲೆ ಕೂರ್ಬೇಡಿ, ಬಂದ ಮೇಲೆ ಬಿಸಿನೀರ ಸ್ನಾನ ಮಾಡಿ ಮೈ ತಡವಿ ನೋಡ್ಕೊಳಿ. ಸತ್ತ ಮಂಗ ಕಂಡ್ರೆ ಫೋಟೋಗೆ ಅಂತ ಹತ್ರ ಹೋಗೋದಲ್ಲ, ಅಲ್ಲಿನ ಆರೋಗ್ಯ ಇಲಾಖೆಗೋ ಪಂಚಾಯ್ತಿಗೋ ಹೇಳಿ. ಟೈಫಾಯ್ಡ್ ಲಸಿಕೆ ಹಾಕಿಸ್ಕೊಳೋದಿದ್ರೆ ಹೊರಡೋಕೆ ಕನಿಷ್ಠ ಎರಡು ವಾರ ಮುಂಚೆ, ಹೆಪಟೈಟಿಸ್ ಎ ಲಸಿಕೆನೂ ಆದಷ್ಟು ಮುಂಚೆಯೇ ಒಳ್ಳೇದು, ಆದ್ರೆ ಅದನ್ನ ಕೊನೇ ಗಳಿಗೇಲಿ ಹಾಕಿಸ್ಕೊಂಡ್ರೂ ಪ್ರಯೋಜನ ಇದೆ.

ಮನೆಗೆ ಬಂದು ಬಟ್ಟೆ ಎಲ್ಲ ಒಗೆದು ಒಣಗಿಸಿ ಆದ್ಮೇಲೂ ಆ ಗಡಿಯಾರಗಳು ಓಡ್ತಾನೇ ಇರ್ತವೆ. ಡೆಂಗ್ಯೂ ಆದ್ರೆ ಕಚ್ಚಿದ ನಾಲ್ಕರಿಂದ ಹತ್ತು ದಿನ, ಮಂಗನ ಕಾಯಿಲೆ ಮೂರರಿಂದ ಎಂಟು, ಗದ್ದೆ ನೀರಲ್ಲಿ ಕಾಲಾಡಿಸಿ ಬರೋ ಇಲಿ ಜ್ವರ ಒಂದೆರಡು ವಾರ, ಕಾಮಾಲೆ ತಿಂಗಳು. ಹಾಗಾಗಿ ಬಂದು ಮೂರು ವಾರಕ್ಕೆ ಜ್ವರ ಬಂತು ಅಂತ ಡಾಕ್ಟರ್ ಹತ್ರ ಹೋದಾಗ ನಿನ್ನೆ ತಿಂದ ಪಾನಿಪುರಿ ಕಥೆ ಒಂದನ್ನೇ ಹೇಳ್ಬೇಡಿ, ಯಾವ ಊರು, ಯಾವ ತಾರೀಖು, ಕಾಡಿಗೆ ಹೋಗಿದ್ರಾ, ಗದ್ದೆಗೆ ಇಳಿದಿದ್ರಾ, ಅದನ್ನೂ ಹೇಳಿ. ನಮ್ ಲ್ಯಾಬಿಗೆ ಬರೋ ಚೀಟೀಲಿ ಯಾವ ಟೆಸ್ಟ್ ಬರೀಬೇಕು ಅಂತ ಡಾಕ್ಟರಿಗೆ ಗೊತ್ತಾಗೋದು ಅಲ್ಲಿಂದಲೇ.